ಚೀಟಿಪುಸ್ತಕದ ಹಿಂಬದಿ

ಪ್ರೆಸ್ಸಿನ ಮುಂದಿನ ಚರಂಡಿ ಮತ್ತೆ ಉಕ್ಕಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡು, ಹಲಗೆಯ ಮೇಲೆ ಕಾಲಿಟ್ಟು ಒಳಗೆ ಬರುತ್ತಿದ್ದರು. ಚರಂಡಿ ಸರಿಯಾಗುವವರೆಗೆ ಕಟ್ಟಡದ ತೆರಿಗೆ ಬಿಡಿಗಾಸೂ ಕಟ್ಟುವುದಿಲ್ಲ ಎಂದು ಪ್ರೆಸ್ಸಿನ ಯಜಮಾನ ಮೂರು ವರ್ಷದಿಂದ ಹೇಳುತ್ತಿದ್ದ. ಹೇಳುತ್ತಿದ್ದದ್ದು ಹೆಂಡತಿಯ ಮುಂದೆ ಮಾತ್ರ. ಪುರಸಭೆ ಕಚೇರಿಯ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ.

ಆ ಪ್ರೆಸ್ಸಿನಲ್ಲಿ ಅವನ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಒಂದು ಬದಿ ಖಾಲಿ ಇರುವ ಕಾಗದ ಯಾವುದೇ ಸಿಗಲಿ, ನಾಲ್ಕು ತುಂಡು ಮಾಡಿ, ಅಂಚಿಗೆ ಗೋಂದು ಹಚ್ಚಿ, ಗೀಚಲು ಚೀಟಿಪುಸ್ತಕ ಮಾಡುವುದು. ಕೈಗೆ ಬಂದ ಕಾಗದವನ್ನು ಯಜಮಾನ ಮೊದಲು ನೋಡುತ್ತಿದ್ದದ್ದೇ ಹಿಂಬದಿ. ಅದು ಖಾಲಿ ಇದ್ದರೆ ಮುಂದೇನು ಬರೆದಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ಜಿಪುಣತನಕ್ಕೂ ಒಂದು ಶಿಸ್ತು ಬೇಕಲ್ಲ!

ಒಂದು ಬೆಳಿಗ್ಗೆ ತೆರಿಗೆ ವಸೂಲಿ ಮಾಡುವ ಅಮ್ಮ ಹಲಗೆ ದಾಟಿ ಬಂದರು. ಒಳಗೆ ಮೆಷಿನ್ ಓಡುತ್ತಿತ್ತು. ಶಾಲೆಯೊಂದಕ್ಕೆ ಎರಡು ಸಾವಿರ ಉತ್ತರ ಪುಸ್ತಿಕೆ ಸೋಮವಾರ ಕೊಡಬೇಕಿತ್ತು. ಅಮ್ಮ ಬಂದ ವಿಷಯ ಹೇಳಿದರು. ಮೂರು ನೋಟಿಸ್ ಕೊಟ್ಟಾಗಿದೆ, ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಬಾಗಿಲಿಗೆ ಬೀಗ ಹಾಕಿ ಸೀಲ್ ಮಾಡುತ್ತಾರೆ.

"ನಂಗೆ ಒಂದು ನೋಟಿಸೂ ಬಂದಿಲ್ಲಮ್ಮ," ಎಂದ ಯಜಮಾನ. ಪಾಪ, ಅವನ ಮಟ್ಟಿಗೆ ಅದು ಸುಳ್ಳಲ್ಲ.

ಪಕ್ಕದಲ್ಲೇ ಲೆಕ್ಕ ಬರೆಯುತ್ತಿದ್ದ ಹೆಂಡತಿ ತಾರೀಕು ಬರೆದುಕೊಳ್ಳಲು ಚೀಟಿಪುಸ್ತಕ ಎಳೆದುಕೊಂಡಳು. ಬರೆದು ಹರಿದಾಗ ಚೀಟಿಯ ಹಿಂದೆ ಪುರಸಭೆಯ ಅರ್ಧ ಮೊಹರು ಕಂಡಿತು. ಮುಂದಿನ ಚೀಟಿಯಲ್ಲಿ ಉಳಿದರ್ಧ. ಇನ್ನೆರಡು ಹರಿದು, ನಾಲ್ಕನ್ನೂ ಮೇಜಿನ ಮೇಲೆ ಜೋಡಿಸಿದಳು. 'ಕೊನೆಯ ಎಚ್ಚರಿಕೆ' ಎಂದು ದಪ್ಪಕ್ಷರದಲ್ಲಿತ್ತು.

ಯಜಮಾನನಿಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಚರಂಡಿಯ ಮಾತೆತ್ತಿದ. "ನಾನೊಬ್ಬ ಕಟ್ಟದಿದ್ರೆ ಊರೇನು ಮುಳುಗುತ್ತಾ?"

"ಈ ಸಾಲಲ್ಲಿ ಹನ್ನೆರಡು ಅಂಗಡಿ ಇದೆ ಅಣ್ಣ. ಒಂಬತ್ತು ಜನ ಇದೇ ಮಾತು ಹೇಳಿದಾರೆ. ಚರಂಡಿ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು, ನೀವೇ ಹೇಳಿ."

ಅಮ್ಮ ಉಳಿದದ್ದನ್ನೂ ಬಿಡಿಸಿ ಹೇಳಿದರು. ಬಡ್ಡಿ, ದಂಡ ಸೇರಿ ಆಗಲೇ ಮೂಗಿಗಿಂತ ಮೂಗುತಿ ಭಾರವಾಗಿದೆ. ಸೀಲ್ ಬಿದ್ದರೆ ಶಾಲೆಯ ಪುಸ್ತಿಕೆಯೂ ಒಳಗೇ ಉಳಿಯುತ್ತದೆ. ಆಮೇಲೂ ಕಟ್ಟದಿದ್ದರೆ ಮೆಷಿನ್ ಜಪ್ತಿಯಾಗಿ ಹರಾಜಿಗೆ ಹೋಗಬಹುದು. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳಿ ಅರ್ಜಿ ಕೊಡಬಹುದು, ಲೆಕ್ಕ ತಪ್ಪೆನಿಸಿದರೆ ತಕರಾರು ಹಾಕಬಹುದು. ಸುಮ್ಮನೆ ಕೂತವರಿಗೆ ಮಾತ್ರ ದಾರಿಯಿಲ್ಲ.

ಮೂಲೆಯಲ್ಲಿ ಪುಸ್ತಿಕೆ ಹೊಲಿಯುತ್ತಿದ್ದ ಮುದುಕ ಬೈಂಡರ್ ಕೈ ನಿಲ್ಲಿಸಿದ್ದ. ಇಪ್ಪತ್ತು ವರ್ಷದಿಂದ ಅಲ್ಲೇ ಕೂತು ಹೊಲಿದವನು. ಅವನು ಯಜಮಾನನನ್ನೇ ನೋಡುತ್ತಿದ್ದ. ಯಜಮಾನನಿಗೆ ಆಗ ನಿಜವಾಗಿ ಭಯವಾಯಿತು.

"ಬಾಗಿಲು ಮುಚ್ಚಿದ್ರೆ ಈ ಅಜ್ಜನ ಮನೆ ಒಲೆ ಹೇಗೆ ಉರೀಬೇಕು? ಏಳಿ, ಕಚೇರಿಗೆ ಹೋಗೋಣ," ಎಂದಳು ಹೆಂಡತಿ.

ಹೋದರು. ಅರ್ಧ ಕಟ್ಟಿ, ಉಳಿದದ್ದಕ್ಕೆ ಮೂರು ಕಂತು ಕೇಳಿದರು. ಕಚೇರಿಯವರು ಒಪ್ಪಿದರು. ಅಲ್ಲೇ ಕೂತು ಚರಂಡಿಯ ದೂರನ್ನೂ ಬರೆದುಕೊಟ್ಟು ನಂಬರ್ ಪಡೆದರು. ಸೋಮವಾರ ಪುಸ್ತಿಕೆಗಳು ಶಾಲೆ ತಲುಪಿದವು.

ಚರಂಡಿ ಇನ್ನೂ ಸರಿಯಾಗಿಲ್ಲ, ಸುಳ್ಳೇಕೆ ಹೇಳಬೇಕು? ಆದರೆ ಯಜಮಾನ ಈಗ ವಾರವಾರ ಕಚೇರಿಗೆ ಹೋಗಿ, ಜೇಬಿನಿಂದ ರಸೀದಿ ತೆಗೆದಿಟ್ಟು, ಕೆಲಸ ಎಲ್ಲಿಗೆ ಬಂತೆಂದು ಜೋರಾಗಿಯೇ ಕೇಳುತ್ತಾನೆ. ಅಕ್ಕಪಕ್ಕದ ಅಂಗಡಿಗಳ ಇಬ್ಬರು ತಮ್ಮ ಬಾಕಿ ಕಟ್ಟಿ ಅವನ ಜೊತೆ ಸೇರಿದ್ದಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಗೂ ಅಂಥದ್ದೊಂದು ಕಾಗದ ಬಂದಿರಬಹುದು. ಇವತ್ತೇ ಹುಡುಕಿ, ಓದಿ, ಕಚೇರಿಗೆ ಹೋಗಿ ಮಾತಾಡಿ. ಈ ಕರಪತ್ರ ಅಚ್ಚಾದದ್ದೂ ಅದೇ ಪ್ರೆಸ್ಸಿನಲ್ಲಿ. ಯಾರೂ ಕತ್ತರಿಸಿ ಚೀಟಿಪುಸ್ತಕ ಮಾಡಬಾರದೆಂದು ಯಜಮಾನ ಇದರ ಎರಡೂ ಬದಿಗೆ ಅಚ್ಚು ಹಾಕಿದ್ದಾನೆ.