ನೀರಿನ ಬಾಬತ್ತು

ನನ್ನ ಗಂಡನ ಹೆಸರು ದತ್ತಪ್ಪ. ಗಂಡನ ಹೆಸರು ಹಿಡಿಯಬಾರದು ಅಂತ ನಮ್ಮ ಕಮಲಾಪುರದ ಹೆಂಗಸರು ಈಗಲೂ ನನ್ನನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಸಿಟ್ಟು ನೆತ್ತಿಗೇರಿದಾಗ ‘ರೀ’ ಅಂದರೆ ನನಗೆ ಸಮಾಧಾನವಾಗುವುದಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಂತೂ ನನ್ನ ಸಿಟ್ಟು ನೆತ್ತಿಯಿಂದ ಇಳಿದದ್ದೇ ಕಡಿಮೆ.

ದತ್ತಪ್ಪ ಆಗ ಕಲಬುರಗಿಯ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ತೊಳೆಯುತ್ತಿದ್ದ. ಬೆಳಿಗ್ಗೆ ಕಮಲಾಪುರದಿಂದ ಬಸ್ಸು ಹಿಡಿದು ಹೋದರೆ ಸಂಜೆ ವಾಪಸು. ನಾನು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಮಾಲೀಕ ಒಂದು ಕಾರಿಗೆ ಎಷ್ಟು ವಸೂಲಿ ಮಾಡುತ್ತಿದ್ದ, ಇವನ ಕೈಗೆ ಎಷ್ಟು ಹಾಕುತ್ತಿದ್ದ ಅನ್ನುವುದನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಭಾನುವಾರ ಅಲ್ಲಿ ಕಾರುಗಳ ಸಾಲು. ವಕೀಲರು, ಡಾಕ್ಟರರು, ಗುತ್ತಿಗೆದಾರರು ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದರು. ಅದನ್ನು ನೋಡಿ ನೋಡಿ ಇವನಿಗೊಂದು ವಿಚಾರ ಹೊಳೆಯಿತು. ಒಂದು ಗಾಡಿಯ ಮೇಲೆ ಪಂಪು ಕಟ್ಟಿಕೊಂಡು ನಾವೇ ಅವರ ಮನೆ ಬಾಗಿಲಿಗೆ ಹೋಗಿ ಕಾರು ತೊಳೆದುಕೊಟ್ಟರೆ ಹೇಗೆ?

ಲೆಕ್ಕ ಹಾಕಿದವಳು ನಾನು. ಕಲಬುರಗಿಯ ಹುಮನಾಬಾದ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ನಬಿಸಾಬರ ಹತ್ತಿರ ಸಾಮಾನು ಸಾಗಿಸುವ ಮೂರು ಗಾಲಿಯ ಹಳೆಯ ಆಟೊ ಇತ್ತು. ಅದಕ್ಕೆ ಮೂವತ್ತೈದು ಸಾವಿರ. ಪೆಟ್ರೋಲಿನ ಮೇಲೆ ನಡೆಯುವ ಪಂಪು ಮತ್ತು ಪೈಪಿಗೆ ಹದಿನಾಲ್ಕು. ಶಾಂಪೂ, ಪಾಲಿಶ್, ಬಟ್ಟೆಗಳಿಗೆ ಎರಡು. ಕಾರಿನ ಒಳಗಿನ ಧೂಳು ಎಳೆಯುವ ಮಿಷನ್ನಿಗೆ ಆರು. ಆ ಮಿಷನ್ನು ನನ್ನ ಹಟ. ಸೀಟುಗಳ ನಡುವೆ ಮೊಣಕಾಲೂರಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಇವನ ಮೊಣಕಾಲುಗಳು ಕಪ್ಪಗೆ ಗಟ್ಟಿಯಾಗಿದ್ದವು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ. ಸ್ತ್ರೀಶಕ್ತಿ ಸಂಘದ ಸಾಲ ಮತ್ತು ನಮ್ಮ ಉಳಿತಾಯ ಎರಡೂ ಸೇರಿ ಐವತ್ತೇಳು ಸಾವಿರ. ಖರ್ಚೂ ಅಷ್ಟೇ. ಆಚೀಚೆ ಹೊರಳಲು ಜಾಗವೇ ಇರಲಿಲ್ಲ.

ಕರೆಂಟು ಮನೆಯವರದು, ನೀರು ಮನೆಯವರದು ಅಂತ ಆ ಎರಡು ಬಾಬತ್ತುಗಳ ಮುಂದೆ ಸೊನ್ನೆ ಬರೆದೆ. ಎಂಥ ಪೆದ್ದಿ ನಾನು! ಊರ ಅಗಸಿಬಾಗಿಲಿನ ಆಚೆಯ ಓಣಿಯಲ್ಲಿ ಹುಟ್ಟಿ, ಅದೇ ಓಣಿಗೆ ಸೊಸೆಯಾಗಿ ಬಂದವಳು, ನೀರಿನ ಮುಂದೆ ಸೊನ್ನೆ ಬರೆದೆನಲ್ಲ. ಬೇರೆ ಓಣಿಯವರು ಯಾರು ಬರೆದಿದ್ದರೂ ಆ ಲೆಕ್ಕ ಸರಿಯೇ ಇರುತ್ತಿತ್ತು. ಸರ್ವಿಸ್ ಸ್ಟೇಷನ್ನು ನಮ್ಮನ್ನು ಏಮಾರಿಸಿತು. ಅಲ್ಲಿ ಯಾರೂ ಇವನನ್ನು ಏನೂ ಕೇಳಿರಲಿಲ್ಲ. ಕೀಲಿಯನ್ನು ಕೈಗೆ ಕೊಟ್ಟು, ‘ಛಲೋ ತೊಳಿಯೋ ದತ್ತು’ ಅಂದು ಚಹಾ ಕುಡಿಯಲು ಹೋಗುತ್ತಿದ್ದರು.

ದುಡ್ಡು ಕೊಡುವ ಮೊದಲು ಒಂದು ಕಾರು ತೊಳೆದು ನೋಡೋಣ, ಶಾಂಪೂ ಎಷ್ಟು ಹೋಗುತ್ತದೆ, ಪೆಟ್ರೋಲ್ ಎಷ್ಟು ಕುಡಿಯುತ್ತದೆ ತಿಳಿಯಲಿ ಅಂದೆ. ನಬಿಸಾಬರು ಗಾಡಿ ಕೊಟ್ಟರು, ಪಂಪನ್ನು ಒಂದು ದಿನದ ಬಾಡಿಗೆಗೆ ತಂದೆವು. ಬ್ರಹ್ಮಪುರದ ಒಬ್ಬ ವಕೀಲರು ಇವನ ಹಳೆಯ ಗಿರಾಕಿ. ಭಾನುವಾರ ಅವರ ಮನೆಗೆ ಹೋದೆವು. ವಕೀಲರು ಸ್ನಾನಕ್ಕೆ ಹೋಗಿದ್ದರು, ಅವರ ಹೆಂಡತಿ ಹೊರಗೆ ಬಂದರು. ಅಂಗಳದ ಮೂಲೆಯಲ್ಲಿ ಹಿತ್ತಾಳೆಯ ನಳ. ದತ್ತಪ್ಪ ಪೈಪು ಬಿಚ್ಚಿಕೊಂಡು ಅದರ ಕಡೆ ನಡೆದಿದ್ದ.

“ನಿಮ್ಮದು ಯಾ ಊರಪ್ಪ?” ಆಯಮ್ಮ ಕೇಳಿದರು.

“ಕಮಲಾಪುರ್ರಿ ಅಕ್ಕೋರ.”

“ಹೌದೇನು? ನಮ್ಮ ತವರುಮನಿ ಮಂದಿ ಅಲ್ಲಿ ಭಾಳ ಅದಾರ. ಕಮಲಾಪುರದಾಗ ಯಾ ಓಣಿ?”

ದತ್ತಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. “ಅಗಸಿ ಆಚಿ ಓಣಿರಿ,” ಅಂದ.

ಅಷ್ಟೇ ಸಾಕಾಯಿತು. ನಮ್ಮ ಕಡೆ ಯಾರೂ ಜಾತಿ ಕೇಳುವುದಿಲ್ಲ, ಬಾಯಿ ತುಂಬ ನಗುತ್ತ ಓಣಿ ಕೇಳುತ್ತಾರೆ. ಆಯಮ್ಮನ ಮುಖದ ಮೇಲಿನ ನಗೆ ಹಾಗೇ ಇತ್ತು.

“ಹಂಗಾದ್ರ ನಳ ಮುಟ್ಟಬ್ಯಾಡಪ್ಪ. ದೇವರಿಗಿ ಅದೇ ನೀರು ಹಿಡೀತೀವಿ. ನಮ್ಮ ಕೆಲಸದಾಕಿ ಬರ್ತಾಳ, ಆಕೀನೇ ಹಾಕ್ತಾಳ. ಅಲ್ಲಿತನ ಕೂಡ್ರಿ.”

ಕೂತೆವು, ಕಂಪೌಂಡಿನ ಹೊರಗೆ, ಬಿಸಿಲಿನಲ್ಲಿ. ಕೆಲಸದವಳು ಬಂದಳು. ನಾವು ತಂದಿದ್ದ ಡ್ರಮ್ಮಿಗೆ ಕೊಡ ತಾಗದ ಹಾಗೆ ಮೇಲಿನಿಂದ ನೀರು ಸುರಿದಳು. ಅರ್ಧ ನೀರು ನೆಲಕ್ಕೆ. ದತ್ತಪ್ಪ ಕಾರು ತೊಳೆದ. ಆಮೇಲೆ ಒಳಗೆ ಕೂತು, ವಕೀಲರು ಕೂರುವ ಸೀಟಿನಲ್ಲೇ ಕೂತು, ಕಾರನ್ನು ನೆರಳಿಗೆ ತಂದು ನಿಲ್ಲಿಸಿ, ಒಳಗೆಲ್ಲ ಒರೆಸಿದ. ಸ್ಟೀರಿಂಗಿನ ಮುಂದೆ ಒಂದು ಪುಟ್ಟ ಗಣಪತಿ ಇತ್ತು.

“ಗಣಪತಿ ಬುಡಕ್ಕ ಧೂಳು ಕುಂತದ ನೋಡು, ಎತ್ತಿ ಒರಸು,” ಅಂದರು ಆಯಮ್ಮ ಬಾಗಿಲಲ್ಲಿ ನಿಂತು.

ಇವನು ಗಣಪತಿಯನ್ನು ಕೈಯಲ್ಲಿ ಎತ್ತಿದ, ಒರೆಸಿದ, ಮತ್ತೆ ಇಟ್ಟ. ನನ್ನ ಮೈಯೆಲ್ಲ ಉರಿಯಿತು. ದೇವರನ್ನು ಮುಟ್ಟಿದರೆ ನಡೆಯುತ್ತದೆ, ದೇವರಿಗೆ ನೀರು ಹಿಡಿಯುವ ನಳ ಮುಟ್ಟಿದರೆ ನಡೆಯುವುದಿಲ್ಲ! ಇದು ಯಾವ ಲೆಕ್ಕ ಅಂತ ಕೇಳಲು ಬಾಯಿ ತೆರೆದಿದ್ದೆ. ದತ್ತಪ್ಪ ಕಣ್ಣಲ್ಲೇ ಬೇಡ ಅಂದ. ಆಯಮ್ಮ ದುಡ್ಡನ್ನು ಕಂಪೌಂಡಿನ ಗೋಡೆಯ ಮೇಲೆ ಇಟ್ಟು ಒಳಗೆ ಹೋದರು.

ಗಾಡಿ, ಪಂಪು ಮರಳಿಸಿ ಊರಿಗೆ ಹೊರಟಾಗ ಬಸ್ಸಿನಲ್ಲಿ ಇವನು ನನಗೆ ಮೆಲ್ಲಗೆ ಅಂದ, “ಭೀಮಾ, ಒಂದು ನೀರಿನ ಟಾಕಿ ಬರಕೊ. ಗಾಡಿ ಮ್ಯಾಲ ಕಟ್ಟಾಕ. ನಬಿಸಾಬರ ಬೋರಿನಾಗ ತುಂಬಿಸ್ಕೊಂಡು ಹೋಗಮು.”

“ಟಾಕಿಗಿ ರೊಕ್ಕ ಯಾರು ಕೊಡ್ತಾರ?”

“ನಾವೇ ಕೊಡಬೇಕು, ಮತ್ಯಾರು?”

“ಅವರ ಮಡಿಗಿ ನಾ ಯಾಕ ರೊಕ್ಕ ಕೊಡ್ಲಿ ದತ್ತಪ್ಪ?” ನನ್ನ ದನಿಗೆ ಮುಂದಿನ ಸೀಟಿನವರೆಲ್ಲ ತಿರುಗಿದರು. “ಬೀಗ ಇಲ್ಲದ ನಳ ಎದುರಿಗಿ ಅದ, ನಾ ಸಂಘದಾಗ ಸಾಲ ಎತ್ತಿ ನೀರು ಹೊತ್ಕೊಂಡು ಹೋಗ್ಲೇನು? ನಿನಗ ನಾಚಿಕಿ ಬರಲ್ಲೇನು?”

“ಬರ್ತದ. ಆದ್ರ ಕಾರು ತೊಳೀಲಾಕ ನೀರು ಬೇಕು. ಸಿಟ್ಟಿನಿಂದ ತೊಳೀಲಾಕ ಬರ್ತದೇನು?”

ಊರು ಬರುವ ತನಕ ನಾನು ಇವನ ಮುಖ ನೋಡಲಿಲ್ಲ. ಆದರೆ ದಾರಿ ಬೇರೆ ಇರಲಿಲ್ಲ. ನಬಿಸಾಬರು ಅಮಾವಾಸ್ಯೆಯ ತನಕ ಮಾತ್ರ ಗಾಡಿ ಹಿಡಿದಿಡುತ್ತೇನೆ ಅಂದಿದ್ದರು, ಅದರ ಮೇಲೆ ಬೇರೆಯವರ ಕಣ್ಣಿತ್ತು. ಗಾಡಿ ಬಿಟ್ಟರೆ ದತ್ತಪ್ಪ ಜೀವನವಿಡೀ ಆ ಮಾಲೀಕನ ಕೈಕೆಳಗೆ. ಮನೆಗೆ ಬಂದು ಲೆಕ್ಕ ತೆಗೆದೆ. ಟಾಕಿ, ಅದನ್ನು ಕೂರಿಸುವ ಕಬ್ಬಿಣದ ಚೌಕಟ್ಟು, ಭಾರ ತಡೆಯಲು ಗಾಡಿಯ ಹಿಂಭಾಗಕ್ಕೆ ವೆಲ್ಡಿಂಗು. ಎಲ್ಲ ಸೇರಿ ಆರು ಸಾವಿರ. ಆರು ಸಾವಿರ ಎಲ್ಲಿಂದ ತರಲಿ? ಧೂಳು ಎಳೆಯುವ ಮಿಷನ್ನನ್ನು ಲೆಕ್ಕದಿಂದ ಹೊಡೆದುಹಾಕಿ ಅದರ ಜಾಗದಲ್ಲಿ ಟಾಕಿ ಬರೆದೆ. ಇವನ ಮೊಣಕಾಲನ್ನು ಅಡವಿಟ್ಟು ಆಯಮ್ಮನ ನಳ ಉಳಿಸಿಕೊಟ್ಟೆ. ಬರೆಯುವಾಗ ಪೆನ್ನಿಗೆ ಕಾಗದ ಹರಿಯಿತು.

ಆದರೆ ನಾನೂ ಸುಮ್ಮನೆ ಬಿಡುವವಳಲ್ಲ. ದರ ಬರೆಯುವಾಗ ಎರಡು ದರ ಬರೆದೆ. ನಳ ಕೊಡುವ ಮನೆಗೆ ಎಂಬತ್ತು ರೂಪಾಯಿ. ಕೊಡದ ಮನೆಗೆ ನೂರಾ ಇಪ್ಪತ್ತು.

“ಹಿಂಗ್ಯಾಕ?” ದತ್ತಪ್ಪ ಗಾಬರಿಯಾದ.

“ನಲವತ್ತು ಅವರ ಮಡೀದು. ಬಾಯಿ ಬಿಟ್ಟು ಹೇಳ್ರಿ, ನಳ ಕೊಟ್ರ ಎಂಬತ್ತು, ಇಲ್ಲಂದ್ರ ನೂರಾ ಇಪ್ಪತ್ತು ಅಂತ. ಕೊತ್ತಂಬರಿ ಕಟ್ಟಿಗಿ ಎಂಟಾಣೆ ಜಗ್ಗೋ ಮಂದಿ ಅವರು. ನಲವತ್ತು ಹೋಗ್ತದಂದ್ರ ನಳ ತಾನೇ ಬಿಡ್ತಾರ.”

ಇದು ನನ್ನ ಪಂದ್ಯವಾಗಿತ್ತು. ದುಡ್ಡಿನ ಎದುರು ಅವರ ಮಡಿ ನಿಲ್ಲುವುದಿಲ್ಲ ಅಂತ ನಾನು ಖಾತ್ರಿ ನಂಬಿದ್ದೆ. ಗಾಡಿ ರಸ್ತೆಗೆ ಬಂತು. ಇವನು ದಿನಾ ಗ್ಯಾರೇಜಿಗೆ ಹೋಗಿ, ಟಾಕಿ ತುಂಬಿಸಿಕೊಂಡು, ಊರೆಲ್ಲ ತಿರುಗಿ, ಸಂಜೆ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಬರುತ್ತಿದ್ದ. ಬಂದ ಕೂಡಲೇ ನಾನು ಕೇಳುತ್ತಿದ್ದದ್ದು ಒಂದೇ, ಇವತ್ತು ಯಾರಾದರೂ ಎಂಬತ್ತು ಕೊಟ್ಟರಾ ಅಂತ.

ಇಲ್ಲ. ವಕೀಲರ ಹೆಂಡತಿ ನೂರಾ ಇಪ್ಪತ್ತು ಕೊಟ್ಟರು. ಡಾಕ್ಟರರು ಕೊಟ್ಟರು. ಗುಡಿಯ ಹತ್ತಿರದ ಗುತ್ತಿಗೆದಾರರು ಕೊಟ್ಟರು. ಯಾರೂ ಚೌಕಾಶಿ ಮಾಡಲಿಲ್ಲ. ಓಣಿ ಕೇಳುವ ಕಷ್ಟವೂ ಅವರಿಗೆ ತಪ್ಪಿತು. ಒಂದು ಸಂಜೆ ದತ್ತಪ್ಪ ಖುಷಿಯಿಂದ ಬಂದ. ಬ್ರಹ್ಮಪುರದ ಆಯಮ್ಮ ತಮ್ಮ ಬೀದಿಯ ನಾಲ್ಕಾರು ಮನೆಗಳನ್ನು ಹಚ್ಚಿಕೊಟ್ಟಿದ್ದರಂತೆ.

“ಏನಂದ್ರು ಗೊತ್ತದೇನು? ‘ಇವರು ಭಾಳ ಅನುಕೂಲ ನೋಡ್ರಿ, ತಮ್ಮ ನೀರು ತಾವೇ ತರ್ತಾರ, ನಮ್ಮ ಯಾವ ಸಾಮಾನೂ ಮುಟ್ಟಂಗಿಲ್ಲ’ ಅಂದ್ರು. ಭೀಮಾ, ಗಾಡಿ ಮ್ಯಾಲ ದೊಡ್ಡ ಅಕ್ಷರದಾಗ ‘ನೀರು ನಮ್ಮದೇ’ ಅಂತ ಬರಸಮೇನು?”

ಕೈಯಲ್ಲಿದ್ದ ತಾಟನ್ನು ಗೋಡೆಗೆ ಎಸೆದೆ. ಅನ್ನ ಚೆಲ್ಲಿತು. ಅವರಿಗೆ ಚುಚ್ಚಲಿ ಅಂತ ಇಟ್ಟ ನಲವತ್ತು ರೂಪಾಯಿ ಅವರಿಗೆ ಹಿತವಾಗಿತ್ತು, ನಮಗೆ ಲಾಭವಾಗಿತ್ತು. ಸಂಘದ ಕಂತು ತಪ್ಪದೆ ಹೋಗುತ್ತಿತ್ತು. ಯಾರ ಮೇಲೆ ಕೂಗಲಿ? ದತ್ತಪ್ಪ ಅನ್ನ ಬಳಿದ, ಮೊಣಕಾಲು ಹಿಡಿದುಕೊಂಡು ಎದ್ದ.

ಅಂಗನವಾಡಿಯ ಬೇಸಿಗೆ ರಜೆಯಲ್ಲಿ ನಾನೂ ಇವನ ಜೊತೆ ಗಾಡಿಯಲ್ಲಿ ಹೋಗತೊಡಗಿದೆ, ಒಳಗೆ ಉಜ್ಜುವ ಕೆಲಸವನ್ನಾದರೂ ನಾನು ಮಾಡುತ್ತೇನೆ ಅಂತ. ಒಂದು ದಿನ ರೈಲು ಸ್ಟೇಷನ್ ಕಡೆ ಹೊಸ ಗಿರಾಕಿ ಸಿಕ್ಕರು. ಜಹೀರುದ್ದೀನ್ ಮಾಸ್ತರರು, ಕೆಲಸದಿಂದ ನಿವೃತ್ತರು, ಮಗ ಕೊಡಿಸಿದ ಹಳೆಯ ಕಾರು. ನಾವು ಟಾಕಿಯ ಪೈಪು ಬಿಚ್ಚುವುದನ್ನು ನೋಡಿ ಅವರು ಅಂಗಳಕ್ಕೆ ಇಳಿದು ಬಂದರು.

“ಅರೇ ಭಾಯಿ, ಇಂಥಾ ಬಿಸಿಲಾಗ ಹೊತ್ಕೊಂಡು ಬಂದ ನೀರು ಯಾಕ ಚೆಲ್ತಿ? ನಮ್ಮ ಬೋರಿನ ನಳ ಸಾಮ್ನೇ ಅದಲ್ಲ. ಎಷ್ಟು ಬೇಕೋ ತಗೋ.”

ಇಷ್ಟು ತಿಂಗಳು ಕಾದ ಮಾತು, ಕೇಳದೆಯೇ ಬಂದಿತ್ತು.

“ಬ್ಯಾಡ್ರಿ ಸಾಹೇಬ್ರ,” ಅಂದ ದತ್ತಪ್ಪ. “ನಮ್ಮದೇ ಅದ.”

“ಸಂಕೋಚ ಯಾಕ? ತಗೋ ಅಂದ್ರ ತಗೋ.”

“ಇರಲಿರಿ, ಬ್ಯಾಡ್ರಿ.” ಇವನು ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮಾಸ್ತರರು ಅರ್ಥವಾಗದೆ ನನ್ನ ಮುಖ ನೋಡಿ, ನಿಮ್ಮಿಷ್ಟ ಅಂದು ಒಳಗೆ ಹೋದರು.

“ಯಾಕ ಬ್ಯಾಡಂದ್ರಿ?” ನಾನು ಹತ್ತಿರ ಹೋಗಿ ಕೇಳಿದೆ.

“ಕೈಗಿ ರೂಢಿ ಬೀಳ್ತದ ಭೀಮಾ. ಇವತ್ತು ಇಲ್ಲಿ ಮುಟ್ಟಿದ ಕೈ ನಾಳಿ ಬ್ರಹ್ಮಪುರದಾಗ ತಾನೇ ನಳಕ್ಕ ಹೋಗ್ತದ. ಧಂದಾ ಹಾಳಾಗ್ತದ. ಎಲ್ಲಾ ಕಡೀ ಮುಟ್ಟದೇ ಇರೋದೇ ಛಲೋ.”

ಆವತ್ತು ನನಗೆ ಬಂದ ಸಿಟ್ಟು ಮೊದಲೆಂದೂ ಬಂದಿರಲಿಲ್ಲ. ವಕೀಲರ ಹೆಂಡತಿಯ ಮೇಲೆ ಬಂದದ್ದು ಇದರ ಮುಂದೆ ಏನೂ ಅಲ್ಲ. ಇವನ ಮೇಲೆ ಬಂತು, ನನ್ನ ಮೇಲೆ ಬಂತು. ನಾನು ಆರು ಸಾವಿರ ಅಂತ ಬರೆದಿದ್ದ ಟಾಕಿ ಇವನಿಗೆ ಎಷ್ಟಕ್ಕೆ ಬಿದ್ದಿದೆ ಅನ್ನುವುದು ಆಗ ಕಂಡಿತು. ಇವನ ಮಣಿಕಟ್ಟು ಹಿಡಿದು ನಳದ ಹತ್ತಿರ ಎಳೆದುಕೊಂಡು ಹೋದೆ. ಇವನು ಜಗ್ಗಿದ. ನಾನು ಬಿಡಲಿಲ್ಲ. ಬಕೆಟ್ಟು ಕೆಳಗಿಟ್ಟೆ.

“ತಿರುವು,” ಅಂದೆ.

“ಭೀಮಾ, ಬ್ಯಾಡ.”

“ಸಾಲ ಮುಳುಗಿದ್ರ ಮುಳುಗಲಿ. ನೀ ತಿರುವು.”

ನಳದ ಮೇಲೆ ಕೈ ಇಟ್ಟ. ಬಹಳ ಹೊತ್ತಿನ ಮೇಲೆ ತಿರುವಿದ. ನೀರು ಜೋರಾಗಿ ಬಂತು, ನಮ್ಮಿಬ್ಬರ ಕಾಲಿಗೂ ಸಿಡಿಯಿತು. ಬಕೆಟ್ಟು ತುಂಬಿ ಹರಿಯತೊಡಗಿದರೂ ಇವನು ಕೆಳಗೆ ನೋಡಲೇ ಇಲ್ಲ. ತಲೆಯೆತ್ತಿ, ಅಕ್ಕಪಕ್ಕದ ಮನೆಗಳ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದ, ಯಾರಾದರೂ ನೋಡಿಬಿಟ್ಟರೇನೋ ಅಂತ.