ಶಿಮ್ಲಾದ ಮಂಜುಗಡ್ಡೆಯ ಮೇಲೆ ಅತ್ತಿಗೆ ನಾದಿನಿ

ಚಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಭಾನು ಐಸ್ ಸ್ಕೇಟಿಂಗ್ ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಅವಳು ರಿಂಕಿನ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮಗ ಮಿಹಿರನ ಐಸ್ ಹಾಕಿ ಪ್ರಾಕ್ಟೀಸು ಶನಿವಾರ ಬೆಳಗಿನ ಆರಕ್ಕೇ ಶುರುವಾಗುತ್ತಿತ್ತು. ಅವನು ಓದು ಮುಗಿಸಿ ಆಬರ್ನ್ ಹಿಲ್ಸ್‌ನ ಕಾರು ಕಂಪನಿಯೊಂದಕ್ಕೆ ಸೇರಿದ ಮೇಲೂ ಶನಿವಾರ ಐದು ಗಂಟೆಗೆ ಅವಳಿಗೆ ತಾನಾಗಿ ಎಚ್ಚರವಾಗುತ್ತಿತ್ತು. ಮನೆಯಲ್ಲಿ ಮಾಡುವುದಕ್ಕೇನೂ ಇಲ್ಲದೆ ಒಂದು ದಿನ ಸುಮ್ಮನೆ ರಿಂಕಿಗೆ ಹೋಗಿ ಕೂತಳು. ಮುಂದಿನ ವಾರ ದೊಡ್ಡವರ ಕ್ಲಾಸಿಗೆ ಹೆಸರು ಕೊಟ್ಟಳು. ಮೂರು ತಿಂಗಳು ಬಿದ್ದದ್ದೇ ಬಿದ್ದದ್ದು. ಮೂರು ವರ್ಷ ಕಳೆಯುವಷ್ಟರಲ್ಲಿ ಹಿಮ್ಮುಖವಾಗಿ ಜಾರುವಷ್ಟು ಪಳಗಿದಳು.

ಮೈಸೂರಿನ ಕಡೆಯವರಿಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ. ಅದರಲ್ಲೂ ಗಂಡನ ಅಕ್ಕ ವಾಣಿಶ್ರೀಗೆ ಹೇಳುವ ಧೈರ್ಯ ಭಾನುವಿಗಿರಲಿಲ್ಲ. ಹೈಸ್ಕೂಲಿನ ಹೆಡ್‌ಮಿಸ್ ಆಗಿ ರಿಟೈರಾದ ವಾಣಿಶ್ರೀಯವರ ಪ್ರಕಾರ ಭಾನು ಶುದ್ಧ ಪುಕ್ಕಲಿ. “ಇವಳ ಕೈಲಿ ಒಂದು ರಸ್ತೆ ದಾಟಕ್ಕಾಗಲ್ಲ” ಎಂದು ಮದುವೆಯಾದ ವರ್ಷ ಹೇಳಿದ್ದನ್ನು ಅವರು ಇವತ್ತಿಗೂ ಬದಲಾಯಿಸಿರಲಿಲ್ಲ.

ಈ ಸಲ ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಗಂಡ ಪ್ರಸಾದ್ ಅಕ್ಕನನ್ನೂ ಸೇರಿಸಿಕೊಂಡು ಶಿಮ್ಲಾಕ್ಕೆ ಐದು ದಿನದ ಟ್ರಿಪ್ ಬುಕ್ ಮಾಡಿದ.

“ಇಲ್ಲಿ ಡ್ರೈವ್‌ವೇಲಿ ಸ್ನೋ ಎತ್ತಿ ಎತ್ತಿ ಸೊಂಟ ಬಿದ್ಹೋಗಿದೆ. ರಜಾ ಹಾಕ್ಕೊಂಡು ಇನ್ನೊಂದು ಚಳೀಗೆ ಹೋಗ್ಬೇಕಾ?” ಎಂದು ಭಾನು ಕೇಳಿದಳು.

“ಅಲ್ಲಿ ಬೆಟ್ಟ ಇದೆ ಕಣೇ. ಇಲ್ಲಿಂದ ಮಿಹಿರ್ ಮನೆ ತನಕ ಮುನ್ನೂರು ಮೈಲಿ ಡ್ರೈವ್ ಮಾಡಿದ್ರೂ ಒಂದು ಗುಡ್ಡ ಕಾಣಲ್ಲ” ಎಂದ ಅವನು.

ಬೆಟ್ಟವೇನೋ ಇತ್ತು. ಶಿಮ್ಲಾದ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಂತಿದ್ದವು. ಭಾನು ಸಂಜೆ ಅವನ್ನೇ ನೋಡುತ್ತ ಮಾಲ್ ರೋಡಿನಲ್ಲಿ ಹೆಜ್ಜೆ ಹಾಕುತ್ತಿದ್ದಾಗ, ಬಿಸಿಲು ಬೀಳದ ಮೂಲೆಯಲ್ಲಿ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಕಾಲಿಟ್ಟು ದೊಪ್ಪನೆ ಕೂತಳು. ಪ್ರಸಾದನಿಗೆ ನಗು ತಡೆಯಲಾಗಲಿಲ್ಲ. ವಾಣಿಶ್ರೀ ಮಾತ್ರ ನಗಲಿಲ್ಲ.

“ನಾನು ಮೊದಲೇ ಹೇಳ್ಲಿಲ್ವಾ? ನನ್ನ ಕೈ ಹಿಡ್ಕೊ.”

ಹಾಗೆಂದು ಅವಳ ಮಣಿಕಟ್ಟನ್ನು ಹಿಡಿದವರು, ಲಕ್ಕಡ್ ಬಜಾರಿನ ಮರದ ಆಟಿಕೆ ಅಂಗಡಿಗಳ ತನಕ ಬಿಡಲಿಲ್ಲ. ಅಲ್ಲಿ ಕಂಬಿಯ ಮೇಲೆ ಬಗ್ಗಿ ನೋಡಿದರೆ, ಕೆಳಗೆ ದೇವದಾರು ಮರಗಳ ನಡುವೆ ಬಯಲಿನಷ್ಟಗಲದ ಮಂಜುಗಡ್ಡೆ. ಅದರ ಮೇಲೆ ಮಕ್ಕಳು ಸುತ್ತು ಹಾಕುತ್ತಿದ್ದರು. ಭಾನುವಿನ ಪಾದಗಳು ಬೂಟಿನೊಳಗೇ ಚಡಪಡಿಸಿದವು.

“ಇದು ಮೆಷಿನ್ನಿನ ಐಸ್ ಅಲ್ಲ ಮೇಡಂ” ಎಂದು ಆಟಿಕೆ ಅಂಗಡಿಯವನು ಹಿಂದಿಯಲ್ಲಿ ಹೇಳಿದ. “ರಾತ್ರಿ ನೀರು ಬಿಡ್ತಾರೆ, ಚಳಿಗೆ ತಾನೇ ಗಟ್ಟಿಯಾಗತ್ತೆ. ಆಡೋದಿದ್ರೆ ಬೆಳಗ್ಗೆ ಬೇಗ ಬನ್ನಿ.”

ಮರುದಿನ ಬೆಳಕು ಹರಿಯುವ ಮುಂಚೆ ಭಾನು ಸದ್ದಿಲ್ಲದೆ ಕೋಟು ಹಾಕಿಕೊಂಡು ಹೊರಟಳು. ಹೋಟೆಲಿನ ಬಾಗಿಲಲ್ಲಿ ವಾಣಿಶ್ರೀ ಶಾಲು ಹೊದ್ದು, ಟೀ ಫ್ಲಾಸ್ಕು ಹಿಡಿದು ನಿಂತಿದ್ದರು.

“ಇಷ್ಟೊತ್ತಲ್ಲಿ ಒಬ್ಳೇ ಎಲ್ಲಿಗೆ?”

“ಸ್ಕೇಟಿಂಗ್ ಮಾಡಕ್ಕೆ ಅಕ್ಕ” ಎಂದು ಭಾನು ನಿಜವನ್ನೇ ಹೇಳಿಬಿಟ್ಟಳು.

“ತಲೆ ನೆಟ್ಟಗಿದ್ಯಾ? ನಡೀತಾನೇ ಬಿದ್ದವಳು ನೀನು!” ಎಂದರಾದರೂ ಹಿಂದೆಯೇ ಬಂದರು. ಬಿದ್ದರೆ ಎತ್ತುವುದಕ್ಕೆ ಯಾರಾದರೂ ಬೇಕಲ್ಲ.

ಬಾಡಿಗೆಯ ಸ್ಕೇಟು ಬಿಗಿಯಾಗಿತ್ತು. ಡೆಸ್ ಪ್ಲೇನ್ಸ್‌ನ ನುಣುಪು ನೆಲಕ್ಕೆ ಒಗ್ಗಿದ್ದ ಕಾಲಿಗೆ ಈ ಮಂಜುಗಡ್ಡೆ ಒರಟಾಗಿ, ಅಲ್ಲಲ್ಲಿ ಗಂಟು ಗಂಟಾಗಿ ಸಿಕ್ಕಿತು. ಮೊದಲ ತಿರುವಿನಲ್ಲೇ ಭಾನು ಮುಗ್ಗರಿಸಿ ಗೋಡೆ ಹಿಡಿದಳು.

“ಸಾಕು, ಬಾ ಈಚೆಗೆ!” ಇಡೀ ಶಾಲೆಗೆ ಕೇಳುವಂಥ ದನಿಯಲ್ಲಿ ವಾಣಿಶ್ರೀ ಕೂಗಿದರು. ಮಕ್ಕಳೆಲ್ಲ ತಿರುಗಿ ನೋಡಿದರು.

ಭಾನುವಿಗೆ ನಾಚಿಕೆಯಾಯಿತು. ಜೊತೆಗೆ ಎಲ್ಲಿಂದಲೋ ಸಣ್ಣ ಹಟವೂ ಬಂತು. ಮಂಡಿ ಬಗ್ಗಿಸಿ, ಗೋಡೆ ಬಿಟ್ಟು ಹೊರಟಳು. ಎರಡನೆಯ ಸುತ್ತಿಗೆ ಗಂಟುಗಳೆಲ್ಲಿವೆ ಎಂದು ಕಾಲಿಗೆ ಗೊತ್ತಾಯಿತು. ಮೂರನೆಯದಕ್ಕೆ ವೇಗ ಬಂತು. ನಾಲ್ಕನೆಯದರಲ್ಲಿ, ಅತ್ತಿಗೆ ನಿಂತಿದ್ದ ಕಡೆಗೆ ಬರುವಾಗ, ಸರಕ್ಕನೆ ಹಿಂದೆ ತಿರುಗಿ ಬೆನ್ನು ಮುಂದಾಗಿ ಅವರೆದುರೇ ಹಾದು ಹೋದಳು. ಯಾರೋ ಹುಡುಗಿ ಚಪ್ಪಾಳೆ ಹೊಡೆದಳು.

ಭಾನು ಏದುಸಿರು ಬಿಡುತ್ತ ಹತ್ತಿರ ಬಂದು ನಿಂತಾಗ ವಾಣಿಶ್ರೀ ಅವಳ ಕಾಲನ್ನೇ ನೋಡುತ್ತಿದ್ದರು.

“ಯಾವಾಗ ಕಲಿತೆ?”

“ಮೂರು ವರ್ಷ ಆಯ್ತು ಅಕ್ಕ.”

“ಯಾಕೆ ಹೇಳ್ಲಿಲ್ಲ?”

“ನೀವು ನಗ್ತೀರೇನೋ ಅಂತ.”

ವಾಣಿಶ್ರೀ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟರು. ಶಾಲನ್ನು ಮಡಚಿದರು. ಸೀರೆಯ ನೆರಿಗೆಯನ್ನು ಗೇಣುದ್ದ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿದರು.

“ನಂಗೂ ಆ ಶೂ ಕೊಡ್ಸು.”

“ಅಕ್ಕ, ಬೇಡ, ಮೂಳೆ ಗೀಳೆ ಮುರಿದ್ರೆ...”

“ನೀನು ಹಿಡ್ಕೊತೀಯಲ್ಲ?”

ಹಿಡಿದುಕೊಂಡಳು. ಅತ್ತಿಗೆಯ ಎರಡೂ ಕೈ ಹಿಡಿದು, ತಾನು ಹಿಮ್ಮುಖವಾಗಿ ಜಾರುತ್ತ, ಮಗುವಿಗೆ ಹೆಜ್ಜೆ ಕಲಿಸುವಂತೆ ಎಳೆದಳು. ಅರವತ್ತಾರರ ಹೆಡ್‌ಮಿಸ್ ಉಗುರು ನಾಟುವಂತೆ ಅವಳ ಕೈ ಅದುಮಿದ್ದರು.

“ಕೆಳಗೆ ನೋಡ್ಬೇಡಿ ಅಕ್ಕ. ನನ್ನ ಮುಖ ನೋಡಿ. ಮಂಡಿ ಬಗ್ಗಿಸಿ. ಇನ್ನೂ.”

“ಹೂಂ ಮಿಸ್” ಎಂದರು ವಾಣಿಶ್ರೀ, ಸಣ್ಣ ದನಿಯಲ್ಲಿ.

ಭಾನುವಿಗೆ ನಗು ಉಕ್ಕಿತು, ಹಿಡಿತ ತಪ್ಪಿತು, ಇಬ್ಬರೂ ಒಟ್ಟಿಗೆ ಕುಕ್ಕರಿಸಿದರು. ಏಟೇನೂ ಆಗಲಿಲ್ಲ. ಮಂಜುಗಡ್ಡೆಯ ಮೇಲೆ ಕಾಲು ಚಾಚಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಷ್ಟರಲ್ಲಿ ಬೆಟ್ಟದಾಚೆಯಿಂದ ಬಿಸಿಲು ಇಳಿದು ಬಂತು. ಐಸು ಕರಗುವ ಮುಂಚೆ ರಿಂಕಿನವನು ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸಿದ.

ಸಂಜೆ ಮೋಡ ಕವಿದು, ಐಸು ಗಟ್ಟಿಯಾಗದೆ ರಿಂಕು ತೆರೆಯಲಿಲ್ಲ. ಮರುದಿನ ಕುಫ್ರಿ ಬೆಟ್ಟ ನೋಡಲು ಗೊತ್ತುಮಾಡಿದ್ದ ಟ್ಯಾಕ್ಸಿಯನ್ನು ವಾಣಿಶ್ರೀ ಯಾರನ್ನೂ ಕೇಳದೆ ಮಧ್ಯಾಹ್ನಕ್ಕೆ ಮುಂದೂಡಿದರು. ಬೆಳಗ್ಗೆ ಐದೂವರೆಗೆ ಪ್ರಸಾದನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ತಮ್ಮನ ಕೋಣೆಯ ಬಾಗಿಲು ಬಡಿದರು. ಹೊರಡುವ ದಿನದ ಹೊತ್ತಿಗೆ ಯಾರ ಕೈಯನ್ನೂ ಹಿಡಿಯದೆ ಹತ್ತು ಗಜ ಹೋಗಿ ನಿಂತರು. ನಿಲ್ಲುವುದು ಕಲಿತಿರಲಿಲ್ಲವಾದ್ದರಿಂದ ಗೋಡೆಯೇ ನಿಲ್ಲಿಸಿತು.

ಜುಲೈನಲ್ಲಿ ವಾಣಿಶ್ರೀ ಚಿಕಾಗೋಗೆ ಬಂದರು. ಅತ್ತೆಯನ್ನು ನೋಡಲೆಂದು ಮಿಹಿರ್ ಆಬರ್ನ್ ಹಿಲ್ಸ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಭಾನುವಿನ ಜೊತೆ ಓಹೇರ್ ಏರ್‌ಪೋರ್ಟಿನಲ್ಲಿ ಕಾದಿದ್ದ. ಹೊರಗೆ ತೊಂಬತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅತ್ತೆ ದಪ್ಪ ಸ್ವೆಟರ್ ತೊಟ್ಟು, ಬೆವರುತ್ತ ಬಂದರು.

“Aunty, aren't you hot?” ಎಂದ ಅವನು.

“ಈಗ ಸೆಖೆ ಆದ್ರೆ ಆಗ್ಲಿ ಬಿಡೋ. ರಿಂಕಿಗೆ ಹೋದ್ಮೇಲೆ ಬೇಕಾಗತ್ತೆ” ಎಂದು ವಾಣಿಶ್ರೀ ಭಾನುವಿನ ಕಡೆ ತಿರುಗಿದರು. “ದಾರೀಲೇ ಇದೆ ಅಂದಿದ್ಯಲ್ಲ, ಎಷ್ಟು ಗಂಟೆ ತನಕ ತೆಗೆದಿರತ್ತೆ?”