ಉಸ್ತಾದ್ ವಗ್ದಿಯವರ ಹೊಸ ವಿದ್ಯಾರ್ಥಿನಿ

ತಾಂತಾ ಊರಿನಲ್ಲಿ ಮಕ್ಕಳು ಲೆಕ್ಕದಲ್ಲಿ ಫೇಲಾದರೆ ತಾಯಂದಿರು ಮೊದಲು ಅಳುತ್ತಾರೆ, ಆಮೇಲೆ ಉಸ್ತಾದ್ ವಗ್ದಿಗೆ ಫೋನು ಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಕ್ರಮ. ಎಂಥೆಂಥ ದಡ್ಡ ಶಿಖಾಮಣಿಗಳನ್ನು ದಡ ಮುಟ್ಟಿಸಿದ ಮೇಷ್ಟ್ರು! ಅಂಥವರ ಸ್ವಂತ ಮಗಳು ನಹ್ಲಾ ಐವತ್ತಕ್ಕೆ ಒಂಬತ್ತು ತೆಗೆದುಕೊಂಡು ಬಂದರೆ ಅವರು ಯಾರಿಗೆ ಫೋನು ಮಾಡಬೇಕು, ನೀವೇ ಹೇಳಿ. ವರ್ಷದ ಕೊನೆಗೆ ಸರ್ಕಾರಿ ಪರೀಕ್ಷೆ ಬೇರೆ. ಅದರಲ್ಲಿ ಎಡವಿದರೆ ಹೈಸ್ಕೂಲಿನ ಆಸೆ ಬಿಡಬೇಕಾದದ್ದೇ.

"ಮಿದ್‌ಹತ್ ಮೇಷ್ಟ್ರ ಹತ್ರ ಟ್ಯೂಷನ್‌ಗೆ ಕಳಿಸೋಣ ರೀ," ಎಂದಳು ಹೆಂಡತಿ ಇನ್ಸಾಫ್, ಸೊಪ್ಪು ಹೆಚ್ಚುತ್ತಾ.

"ಆ ಮಿದ್‌ಹತ್ ಹತ್ರಾನಾ? ನಾಳೆನೇ ಕಾಫಿ ಅಂಗಡೀಲಿ ಕೂತು 'ವಗ್ದಿ ಮಗಳು ನನ್ನ ಹತ್ರ ಕಲೀತಾಳೆ' ಅಂತ ಡಂಗೂರ ಹೊಡೀತಾನೆ. ಆಮೇಲೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ? ಅವಳಿಗೆ ಟ್ಯೂಷನ್ನೇ ಬೇಡ. ನಾನೇ ಹೇಳ್ಕೊಡ್ತೀನಿ."

"ನೀವಾ?" ಇನ್ಸಾಫ್ ಚಾಕು ಕೆಳಗಿಟ್ಟಳು. "ಅಯ್ಯೋ ದೇವರೇ."

ಅಂದು ಸಂಜೆಯೇ ಅಪ್ಪ ಮಗಳು ಪುಸ್ತಕ ಹಿಡಿದು ಕೂತರು. ಶಾಂತಿ ಎರಡು ನಿಮಿಷ ಇತ್ತು. ಮೂರನೆಯ ನಿಮಿಷಕ್ಕೆ ಮೇಷ್ಟ್ರ ದನಿ ಬೀದಿಗೆ ಕೇಳಿತು. "ನಿನ್ನ ತಲೇಲಿ ಏನಿದೆ? ಬೇಯಿಸಿದ ಕಾಳಾ? ಎಷ್ಟು ಸಲ ಬಡ್ಕೋಬೇಕು ನಾನು?" ಮೇಲಿನ ಮನೆಯಾಕೆ ಉಮ್ಮ್ ಹಾನಿ ತರಕಾರಿಗೆಂದು ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿ ಇವರ ಕಿಟಕಿಯ ಎದುರು ಬಂದು, ಕೆಳಗೂ ಇಳಿಯದೆ ಮೇಲಕ್ಕೂ ಏರದೆ, ಕಾಲು ಗಂಟೆ ಹಾಗೇ ನೇತಾಡುತ್ತಿತ್ತು. ಪಾಪ, ಅವಳಿಗೂ ಹೊತ್ತು ಹೋಗಬೇಕಲ್ಲ.

ನಹ್ಲಾ ಪೆನ್ಸಿಲ್ ಕೆಳಗಿಟ್ಟಳು. "ಬಾಬಾ, ನಂಗೆ ಮಿದ್‌ಹತ್ ಮೇಷ್ಟ್ರೂ ಬೇಡ, ನೀವೂ ಬೇಡ. ನಾನು ಫೇಲೇ ಆಗ್ತೀನಿ ಬಿಡಿ," ಎಂದವಳೇ ಎದ್ದು ಹೋದಳು. ಆ ರಾತ್ರಿ ಮೇಷ್ಟ್ರಿಗೆ ಊಟ ಸೇರಲಿಲ್ಲ.

ಮರುದಿನ ಐದು ಗಂಟೆಗೆ ಮುಂದಿನ ಕೋಣೆಯ ಊಟದ ಮೇಜಿನ ಸುತ್ತ ಎಂಟು ಮಕ್ಕಳು ಎಂದಿನಂತೆ ಟ್ಯೂಷನ್‌ಗೆ ಕೂತಿದ್ದರು. ಕರೆಗಂಟೆ ಬಡಿಯಿತು. ಮೇಷ್ಟ್ರು ಬಾಗಿಲು ತೆಗೆದರೆ ನಹ್ಲಾ! ಅಡುಗೆಮನೆಯ ಹಿಂಬಾಗಿಲಿನ ಮೆಟ್ಟಿಲಿಳಿದು, ಬೀದಿ ಸುತ್ತಿಕೊಂಡು ಬಂದಿದ್ದಾಳೆ.

"ಸಲಾಮ್ ಅಲೈಕುಮ್, ಉಸ್ತಾದ್. ಟ್ಯೂಷನ್‌ಗೆ ಸೇರ್ಕೋಬೇಕಿತ್ತು."

ಎಂಟು ಜೊತೆ ಕಣ್ಣು ಬಾಗಿಲ ಕಡೆಗೇ ಇದ್ದವು. ಏನು ಮಾಡುತ್ತಾರೆ? "ಬಾಮ್ಮ, ಕೂತ್ಕೋ," ಎಂದರು.

ಮೊದಲ ಲೆಕ್ಕವೇ ತಪ್ಪಾಯಿತು. ಮೇಷ್ಟ್ರಿಗೆ ಕೂಗು ಗಂಟಲವರೆಗೆ ಬಂತು. ಪರರ ಮಕ್ಕಳೆದುರು ಅವರು ಒಂದು ದಿನವೂ ದನಿ ಏರಿಸಿದವರಲ್ಲ, ನುಂಗಿಕೊಂಡರು. "ಪರವಾಗಿಲ್ಲ ಪುಟ್ಟಿ, ಎಲ್ಲರೂ ತಪ್ಪೋ ಜಾಗಾನೇ ಇದು. ಇನ್ನೊಂದ್ಸಲ ನೋಡೋಣ."

ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಆಡಿದ ಮಾತು. ನಹ್ಲಾ ಮಾತ್ರ ತಲೆಯೆತ್ತಿ ಅವರನ್ನೇ ನೋಡಿದಳು. ಮೂರನೆಯ ಸಲಕ್ಕೆ ಉತ್ತರ ಸರಿಬಂತು. ನಾಲ್ಕನೆಯ ಲೆಕ್ಕವನ್ನು ಯಾರೂ ಹೇಳಿಕೊಡದೆಯೇ ಮಾಡಿದಳು. ಹುಡುಗಿಗೆ ಲೆಕ್ಕ ಬರುತ್ತಿತ್ತು, ಕಣ್ರೀ! ಮೇಷ್ಟ್ರಿಗೆ ಸಂಕಟವೂ ನಾಚಿಕೆಯೂ ಒಟ್ಟಿಗೇ ಆಯಿತು.

ಪಾಠ ಮುಗಿದ ಮೇಲೆ ಒಬ್ಬೊಬ್ಬರ ಮನೆಗೂ ಫೋನು ಮಾಡಿ, ಮಗು ಹೇಗೆ ಓದುತ್ತಿದೆ ಎಂದು ಹೇಳುವುದು ಅವರ ಪದ್ಧತಿ. ಎಂಟು ಫೋನು ಮುಗಿದು ಎಂಟು ಮಕ್ಕಳೂ ಹೊರಟರು. ನಹ್ಲಾ ಕದಲಲಿಲ್ಲ.

"ಇನ್ನೇನಮ್ಮ?"

"ನಮ್ಮನೆಗೆ ಫೋನ್ ಮಾಡ್ಲಿಲ್ಲ ನೀವು."

ಮೇಷ್ಟ್ರು ನಕ್ಕರು. ಮಗಳು ನಗುತ್ತಿಲ್ಲವೆಂದು ಕಂಡ ಮೇಲೆ ಮೊಬೈಲಿನಲ್ಲಿ ಮನೆಯ ನಂಬರು ಒತ್ತಿದರು. ಒಳಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಇನ್ಸಾಫಳ ಚಪ್ಪಲಿಯ ಸದ್ದು ಬಂತು.

"ಹಲೋ?"

"ನಾನಮ್ಮ, ಲೆಕ್ಕದ ಮೇಷ್ಟ್ರು ವಗ್ದಿ."

"ಹೇಳಿ ಉಸ್ತಾದ್. ನಮ್ಮ ಹುಡುಗಿ ಹೇಗೆ?"

"ಚುರುಕಿದ್ದಾಳೆ. ಟ್ಯೂಷನ್ ಅಂತ ಏನೂ ಬೇಕಾಗಿಲ್ಲ." ಮೇಷ್ಟ್ರು ಮಗಳ ಕಡೆ ತಿರುಗಿದರು. "ಅವಳಪ್ಪನಿಗೆ ಸ್ವಲ್ಪ ಹೇಳಿ, ಮನೇಲಿ ಕೂಗಾಡ್ಬೇಡ ಅಂತ. ಮಗು ಹೆದರ್ಕೊಂಡಿದೆ."

"ನಾನು ಹೇಳಿ ಹೇಳಿ ಸಾಕಾಯ್ತು. ನೀವೇ ಹೇಳಿ ಉಸ್ತಾದ್, ನಿಮ್ಮ ಮಾತಾದ್ರೂ ಕೇಳ್ತಾರೇನೋ."

ನಹ್ಲಾ ಪುಸ್ತಕ ಎತ್ತಿಕೊಂಡು, "ನಾಳೆನೂ ಬರ್ತೀನಿ ಉಸ್ತಾದ್," ಎಂದು ಮುಂಬಾಗಿಲಿಂದಲೇ ಇಳಿದು ಹೋದಳು. ಮೇಷ್ಟ್ರು ಬಿರಬಿರನೆ ಅಡುಗೆಮನೆಗೆ ನಡೆದು, ಹಿಂಬಾಗಿಲು ತೆರೆದು ಹಿಡಿದುಕೊಂಡು, ಮಗಳು ಮೆಟ್ಟಿಲು ಹತ್ತಿ ಬರುವುದನ್ನೇ ಕಾಯುತ್ತಾ ನಿಂತರು.